ಚನ್ನವೀರಪ್ಪನ ಹಗುರ ಮೋಟಾರು

ಹೋಳಿಗೆ ಬಾಯಲ್ಲಿರುವಾಗ ಚನ್ನವೀರಪ್ಪ ಸುಮ್ಮನಿದ್ದಿದ್ದರೆ ಶಿಗ್ಗಾಂವಿಯ ನಮ್ಮ ಓಣಿಗೆ ಮೋಟಾರು ಬರುತ್ತಿರಲಿಲ್ಲ, ಮುದಕವ್ವನ ಕೋಳಿಗಳಿಗೆ ಗಾಜಿನ ಕಿಡಕಿಯ ಬಾಗಿಲು ಸಿಗುತ್ತಿರಲಿಲ್ಲ, ಹಾನಗಲ್ಲಿನ ಹವಾಲ್ದಾರ ಒಂದು ಗುಂಡುಕಲ್ಲಿಗೆ ಕೈಮುಗಿಯುತ್ತಲೂ ಇರಲಿಲ್ಲ. ಇಷ್ಟೆಲ್ಲ ಆದದ್ದು ಒಂದು ತುತ್ತಿನಿಂದ.

ಚನ್ನವೀರಪ್ಪನ ಒಬ್ಬಳೇ ಮಗಳು ಮಂಜವ್ವನನ್ನು ಹಿರೇಕೆರೂರಿಗೆ ಕೊಟ್ಟಿತ್ತು. ಅವಳಿಗೆ ಏಳು ತಿಂಗಳು ತುಂಬುವ ಹೊತ್ತಿಗೆ ಕುಬಸ ಮಾಡಲು ತವರಿನವರೆಲ್ಲ ಹೋಗಿದ್ದೆವು. ನಾನು ಉಳಿವೆಪ್ಪ, ಚನ್ನವೀರಪ್ಪನ ಮನೆಯ ಎದುರಿಗೆ ಹೊಲಿಗೆ ಯಂತ್ರ ಇಟ್ಟುಕೊಂಡವನು. ಆ ಶಾಸ್ತ್ರಕ್ಕೆ ಬಸುರಿ ತೊಡುವ ಕುಬಸ ಹೊಲಿದವನು ನಾನೇ ಆದ್ದರಿಂದ ನನ್ನನ್ನೂ ಕರೆದಿದ್ದರು. ಪಂಕ್ತಿ ಕುಳಿತಿತ್ತು. ಬೀಗ ಪರಮೇಶ್ವರಪ್ಪ ತುಪ್ಪದ ಗಿಂಡಿ ಹಿಡಿದು ಬಂದ. ತುಪ್ಪ ಹಾಕಿ ಸುಮ್ಮನೆ ಮುಂದೆ ಹೋಗಲಿಲ್ಲ.

"ನಮ್ಮ ಹಿರೇ ಸೊಸಿನ್ನ ಚೊಚ್ಚಲಕ್ಕ ಒಯ್ಯಾಕ ಅವರ ತವರಮನ್ಯಾವರು ಮೋಟಾರು ತಂದಿದ್ರು ನೋಡ್ರಿ ಬೀಗರ. ಬಾಡಗಿ ಮೋಟಾರು. ಊರಿಗೂರ ನೋಡಾಕ ಬಂದಿತ್ತು."

ಚನ್ನವೀರಪ್ಪ ಹೋಳಿಗೆಯನ್ನು ಒಂದು ಕೆನ್ನೆಗೆ ಸರಿಸಿಕೊಂಡ. "ಬಾಡಗಿ ಯಾಕ್ರಿ? ನನ್ನ ಮಗಳನ್ನ ನಾ ಸ್ವಂತ ಮೋಟಾರಿನ್ಯಾಗ ಒಯ್ತೇನಿ."

ಪಂಕ್ತಿ ಒಂದು ಕ್ಷಣ ಉಣ್ಣುವುದನ್ನು ನಿಲ್ಲಿಸಿತು. ಚನ್ನವೀರಪ್ಪನ ಸ್ವಂತದ್ದೆಂದು ಆಗ ಇದ್ದ ಗಾಲಿಗಳು ನಾಲ್ಕು. ಎರಡು ಚಕ್ಕಡಿಯವು, ಎರಡು ಸೈಕಲ್ಲಿನವು. ಇದನ್ನು ನಾನು ಬಲ್ಲೆ, ಅವನ ಹೆಂಡತಿ ಸಿದ್ದವ್ವ ಬಲ್ಲಳು. ಇಬ್ಬರೂ ಎಲೆ ನೋಡಿಕೊಂಡು ಕುಳಿತೆವು.

ಬೀಗಿತಿ ವೀರವ್ವ ಮಾತ್ರ ಬಾಗಿಲಲ್ಲಿ ನಿಂತು ಆ ಮಾತನ್ನು ಸೆರಗಿಗೆ ಗಂಟು ಹಾಕಿಕೊಂಡಳು. "ಅಮಾಸಿ ಒಳಗ ಬರ್ರಿ. ಅಮಾಸಿ ದಾಟಿದ್ರ ಎಂಟು ಹಿಡೀತೈತಿ. ಎಂಟರಾಗ ನಾ ಸೊಸಿನ್ನ ಹೊಸ್ತಲಾ ದಾಟಸಾಕಿ ಅಲ್ಲ. ಮೋಟಾರು ಅಂದೀರಿ, ಮೋಟಾರಿನ್ಯಾಗ ಬರ್ರಿ. ಬಸ್ಸಿನ ಧಕ್ಕಿಗೆ ನಾ ಕಳಸೂದಿಲ್ಲ. ಆಗೂದಿಲ್ಲಂದ್ರ ಹೇಳ್ರಿ, ಬಾಣಂತನ ಇಲ್ಲೇ ಮಾಡತೇವಿ."

ಸಿದ್ದವ್ವ ದಾರಿಯುದ್ದಕ್ಕೂ ಗಂಡನ ಜೊತೆ ಮಾತಾಡಲಿಲ್ಲ. ಅವಳು ಆಗಲೇ ನಡುಮನೆಯ ಕೋಣೆಗೆ ಸುಣ್ಣ ಬಳಿಸಿದ್ದಳು, ಹೊರಸಿಗೆ ಹೊಸ ನುಲಿ ಹಾಕಿಸಿದ್ದಳು, ಬಾಣಂತಿಗೆಂದು ಅಳವಿ, ಅಂಟು, ಉತ್ತತ್ತಿ ಡಬ್ಬಿಗಳಲ್ಲಿ ತುಂಬಿಟ್ಟಿದ್ದಳು. ಹಾನಗಲ್ಲಿನಲ್ಲಿ ಬಸ್ಸು ಬದಲಿಸುವಾಗ ಒಂದೇ ಮಾತು ಹೇಳಿದಳು.

"ಮಗಳ ಬಾಣಂತನ ನನ್ನ ಕೈಲೆ ಆಗಲಿಲ್ಲಂದ್ರ, ನಿಮ್ಮ ಕೈಗೆ ನಾ ರೊಟ್ಟಿ ಕೊಡೂದಿಲ್ಲ. ತಿಳೀತಿಲ್ಲೋ?"

ಅಮಾವಾಸ್ಯೆಗೆ ಹದಿನೇಳು ದಿನ ಇತ್ತು.

ಆರನೆಯ ದಿನ ಸವಣೂರಿನಿಂದ ಚನ್ನವೀರಪ್ಪ ಕೊಂಡ ಮೋಟಾರು ಬಂತು. ಅಲ್ಲಿ ಎಲೆ ಬಳ್ಳಿಯ ವ್ಯಾಪಾರಸ್ಥನೊಬ್ಬ ಎಷ್ಟೋ ವರ್ಷ ಅದರಲ್ಲಿ ವೀಳ್ಯದೆಲೆಯ ಪೆಂಡಿ ಹೇರಿ ಹೇರಿ, ಕೊನೆಗೆ ಬೇವಿನ ಮರದ ಕೆಳಗೆ ನಿಲ್ಲಿಸಿಬಿಟ್ಟಿದ್ದ. ಅದನ್ನು ಎಬ್ಬಿಸಿ ತಂದವನು ಸವಣೂರಿನ ಮೇಸ್ತ್ರಿ ನಿಯಾಜ. ಹತ್ತಿರ ಹೋದರೆ ಎಲೆಯ ವಾಸನೆ ಇನ್ನೂ ಬರುತ್ತಿತ್ತು. ಕಪ್ಪು ಮೈ, ಎಮ್ಮೆಯ ಕಣ್ಣಿನಂಥ ಎರಡು ದೀಪ, ಗುದ್ದಿದರೆ ಕೈಯೇ ನೋಯುವಂಥ ತಗಡು.

"ಯಾವ ಕಾಲದ್ದೋ ಇದು?" ಎಂದು ಕೇಳಿದೆ.

"ಇದು ಗಾಡಿ ಅಲ್ರೀ, ಕಿಲ್ಲೇ ಐತಿ," ಎಂದ ನಿಯಾಜ. ಕೋಟೆ ಎಂಬುದೇ ಅವನ ಮಟ್ಟಿಗೆ ಉತ್ತರ.

ಓಣಿಯ ಮಂದಿ ಎರಡೂ ಕಡೆ ಕಟ್ಟೆಯ ಮೇಲೆ ನಿಂತರು. ಪಕ್ಕದ ಮನೆಯ ಮುದಕವ್ವ, ಎಪ್ಪತ್ತು ದಾಟಿದ ಮುದುಕಿ, ಹೊಸ ಎತ್ತು ಬಂದರೆ ಮಾಡುವಂತೆ ನಾಲ್ಕೂ ಗಾಲಿಗಳಿಗೆ ನೀರು ಹಾಕಿ, ಮೂತಿಗೆ ಕುಂಕುಮ ಹಚ್ಚಿ, ಒಂದು ಹಿಡಿ ಹಿಂಡಿಯನ್ನು ಮುಂದೆ ಇಟ್ಟಳು. ಮೋಟಾರು ತಿನ್ನಲಿಲ್ಲ. "ಹೊಸಾ ಜಾಗಾ, ಅಂಜೈತಿ," ಎಂದು ಅವಳೇ ಸಮಾಧಾನ ಹೇಳಿದಳು.

ಚನ್ನವೀರಪ್ಪ ಮೀಸೆ ತಿರುವಿದ. ತಿರುವಿದ ಕೈ ಇನ್ನೂ ಕೆಳಗೆ ಬಂದಿರಲಿಲ್ಲ, ನಿಯಾಜ ಬಾಯಿ ತೆಗೆದ.

"ಸಾವ್ಕಾರ್ರ, ಹಿರೇಕೆರೂರಿಗೆ ಹೋಗಿ ಬಂದ್ರ ನೂರು ಮೈಲು. ಈ ಗಾಡಿ ಟಾಕಿ ಐದು ಗ್ಯಾಲನ್ ಹಿಡೀತೈತಿ. ಗ್ಯಾಲನ್ನಿಗೆ ಹದಿನಾರು ಮೈಲು ಹೊಕ್ಕತಿ."

"ಅಂದ್ರ?"

"ಅಂದ್ರ ಬರೂ ಮುಂದ ಹಾನಗಲ್ ದಾಟಿದ ಕೂಡ್ಲೆ ನಿಂತು ಬಿಡತೈತಿ."

ಪೆಟ್ರೋಲು ಸಿಗುತ್ತಿದ್ದದ್ದು ನಮ್ಮೂರಿನ ಹೆದ್ದಾರಿಯಲ್ಲಿ. ಆ ಕಡೆಯ ಹಾದಿಯಲ್ಲಿ ಸಿಗುವ ಜಾಗ ನಮಗೆ ಯಾರಿಗೂ ಗೊತ್ತಿರಲಿಲ್ಲ. "ಒಂದು ಡಬ್ಬಿ ತುಂಬಿ ಹಿಂದ ಇಟ್ಕೊಂಡ್ರ?" ಎಂದ ಚನ್ನವೀರಪ್ಪ.

ಒಳಗಿನಿಂದ ಸಿದ್ದವ್ವನ ದನಿ ಬಂತು. "ಬಸುರಿ ಬಾಜೂಕ ಪೆಟ್ರೋಲಿನ ಡಬ್ಬೀನ? ಆ ವಾಸನಿಗೆ ಕೂಸು ಹಾದ್ಯಾಗ ಹೊರಗ ಬಂದೀತು!"

ಡಬ್ಬಿಯ ಮಾತು ಅಲ್ಲಿಗೆ ಮುಗಿಯಿತು. ನಿಯಾಜ ತಲೆ ಕೆರೆದುಕೊಂಡು, "ಹಂಗಾರ ಗಾಡಿ ಹಗುರ ಮಾಡ್ರಿ. ಭಾರ ಕಡಿಮಿ ಆದ್ರ ಕುಡಿಯೂದೂ ಕಡಿಮಿ. ಗ್ಯಾಲನ್ನಿಗೆ ಇಪ್ಪತ್ತು ಬಂತಂದ್ರ ಮನಿ ಮುಟ್ಟತೇವಿ," ಎಂದ.

ಚನ್ನವೀರಪ್ಪನ ಮುಖ ಬೆಳಗಿತು. ಅವನು ಮೂವತ್ತು ವರ್ಷದಿಂದ ಕಾಳಿನ ಅಡತಿ ಅಂಗಡಿ ನಡೆಸಿದವನು. ಸೇರು ಹೋಗಿ ಕಿಲೋ ಬಂದರೂ ಅವನ ತಕ್ಕಡಿ ಅಳುಕಲಿಲ್ಲ. ರೈತರ ಚೀಲ ತೂಗುವಾಗ ಅವನ ಬಲಗೈ ಹೆಬ್ಬೆರಳು ತೂಕದ ಕಲ್ಲಿನ ತಟ್ಟೆಯ ಅಂಚಿಗೆ ತಾನಾಗಿಯೇ ಹೋಗಿ ಕೂರುತ್ತಿತ್ತು. ಅದು ಮೋಸವಲ್ಲ, ರೂಢಿ ಎಂದು ಅವನು ಹೇಳುತ್ತಿದ್ದ. ಯಾವುದನ್ನಾದರೂ ಹಗುರ ಮಾಡುವುದನ್ನು ಅವನಿಗೆ ಸವಣೂರಿನವರು ಹೇಳಿಕೊಡಬೇಕಾಗಿರಲಿಲ್ಲ.

ಮರುದಿನ ಅಂಗಡಿಯ ದೊಡ್ಡ ತಕ್ಕಡಿ ನಮ್ಮ ಓಣಿಯ ಬೇವಿನ ಕೊಂಬೆಗೆ ಬಂದು ತೂಗಿತು. ನಿಯಾಜ ಬಿಚ್ಚುವುದು, ಚನ್ನವೀರಪ್ಪ ತೂಗುವುದು, ಮಂದಿ ನೋಡುವುದು.

ಮೊದಲು ಹೋದದ್ದು ಹೆಚ್ಚಿನ ಗಾಲಿ ಮತ್ತು ಜಾಕು. "ಪಂಚರ್ ಆದ್ರ?" ಎಂದೆ ನಾನು.

"ಹೆಂಗ ಆಕೈತಿ? ಭಾರ ಗಾಡಿ ಮುಳ್ಳು ತುಳೀತೈತಿ. ಹಗುರ ಗಾಡಿ ಮುಳ್ಳಿನ ಮ್ಯಾಲ ಹಾದು ಹೊಕ್ಕತಿ."

ಈ ತರ್ಕ ಕೇಳಿ ನಿಯಾಜ ಜಾಕನ್ನು ತಾನೇ ತಕ್ಕಡಿಗೆ ಎತ್ತಿಟ್ಟ. ಆಮೇಲೆ ಹಿಂದಿನ ಸೀಟು ಇಳಿಯಿತು. ಅದನ್ನು ಹೊರಲು ಇಬ್ಬರು ಬೇಕಾದರು. "ಮೂವತ್ತೊಂದು ಕಿಲೋ!" ಎಂದು ಚನ್ನವೀರಪ್ಪ ಸವಾಲು ಕೂಗುವವನ ಹಾಗೆ ಕೂಗಿದ. ಮಂದಿ "ಅಬ್ಬಬ್ಬಾ" ಎಂದರು. ಸೀಟನ್ನು ಕಟ್ಟೆಯ ಮೇಲೆ ಇಟ್ಟದ್ದೇ ತಡ, ಓಣಿಯ ನಾಲ್ಕು ಹಿರಿಯರು ಅದರ ಮೇಲೆ ಕುಳಿತರು. ಸ್ಪ್ರಿಂಗು ಅವರನ್ನು ಒಂದು ಸಲ ಎತ್ತಿ ಇಳಿಸಿತು. ಮತ್ತೆ ಅವರು ಊಟಕ್ಕೂ ಏಳಲಿಲ್ಲ, ಎದ್ದರೆ ಬೇರೆಯವರು ಕೂರುತ್ತಾರೆಂದು.

ಹಿಂದಿನ ಎರಡು ಬಾಗಿಲು, ನಂತರ ಮುಂದಿನ ಎರಡು ಬಾಗಿಲು. ಒಂದನ್ನು ಮುದಕವ್ವ ಕೇಳಿ ಇಸಿದುಕೊಂಡು ಕೋಳಿಗೂಡಿಗೆ ಹಾಕಿಕೊಂಡಳು. ಅಂದಿನಿಂದ ಬೆಳಗಾದರೆ ಅವಳು ಹಿಡಿಕೆ ತಿರುಗಿಸಿ ಗಾಜು ಇಳಿಸುವುದು, ಕೋಳಿಗಳು ಒಂದೊಂದಾಗಿ ಕತ್ತು ಹೊರಗೆ ಹಾಕಿ ಓಣಿ ನೋಡುವುದು. ಆ ಗಾಂಭೀರ್ಯ ಅವಕ್ಕೆ ಮೊದಲು ಇರಲಿಲ್ಲ.

"ಇಷ್ಟೆಲ್ಲಾ ತಗದ್ರೂ ಗಾಡಿ ಹೋಗತೈತಿ ಅಂದ್ರ," ಎಂದು ಮುದಕವ್ವ ಬೆರಗಿನಿಂದ ಕೇಳಿದಳು, "ಆ ಇಂಗ್ರೇಜ್ಯಾವರು ಇವನ್ನೆಲ್ಲಾ ಯಾಕ ಹಚ್ಚಿದ್ರೋ ತಮ್ಮಾ?"

ನಾವು ಆ ದೇಶದ ಬಗ್ಗೆ ತುಸು ಮರುಗಿದೆವು.

ಹಾದಿಗೆ ಬಿಟ್ಟು ಅಳೆದರೆ ಗ್ಯಾಲನ್ನಿಗೆ ಹದಿನೆಂಟು ಬಂತು. ಚನ್ನವೀರಪ್ಪ ಆ ರಾತ್ರಿ ನಿದ್ದೆ ಮಾಡಿದನೋ ಇಲ್ಲವೋ, ಬೆಳಿಗ್ಗೆ ಮುಂದಿನ ಸೀಟು, ನೆಲದ ಹಾಸು, ಹಾರ್ನು, ಮುಂದಿನ ಬಂಪರು, ಹಿಂದಿನ ಬಂಪರು, ಮಡ್‌ಗಾರ್ಡು ನಾಲ್ಕು, ಎರಡೂ ದೀಪ ತಕ್ಕಡಿಗೆ ಬಂದವು. ನಂಬರಿನ ತಗಡು ಮುಕ್ಕಾಲು ಕಿಲೋ ತೂಗಿತು. ಅದನ್ನೂ ತೆಗೆದು, ನನ್ನ ಹೊಲಿಗೆಯ ಸೀಮೆಸುಣ್ಣದಿಂದ ಹಿಂಬದಿಗೆ ನಂಬರು ಬರೆಸಿದ. ಸೀಮೆಸುಣ್ಣ ದಪ್ಪಗೆ ತೀಡಬೇಡವೆಂದು ಹೇಳಿದ.

"ಸಾವ್ಕಾರ್ರ, ಹೆಬ್ಬಟ್ಟು," ಎಂದ ನಿಯಾಜ ಒಮ್ಮೆ.

ಚನ್ನವೀರಪ್ಪ ನೋಡಿಕೊಂಡ. ಹೆಬ್ಬೆರಳು ತೂಕದ ಕಲ್ಲಿನ ತಟ್ಟೆಯ ಮೇಲಿತ್ತು. ತನ್ನ ಸ್ವಂತ ಮೋಟಾರನ್ನೇ ಅವನು ರೂಢಿಯ ಪ್ರಕಾರ ತೂಗುತ್ತಿದ್ದ. ಹೀಗಾಗಿ ಲೆಕ್ಕಕ್ಕಿಂತ ಹೆಚ್ಚಿನದೇ ಇಳಿದಿತ್ತು.

ಗ್ಯಾಲನ್ನಿಗೆ ಹತ್ತೊಂಬತ್ತೂವರೆ ಬಂತು. ಬಿಚ್ಚಲು ಇನ್ನು ಎಂಜಿನ್ನು ಮಾತ್ರ ಉಳಿದಿತ್ತು. ಆಗ ಚನ್ನವೀರಪ್ಪನ ಕಣ್ಣು ಮನುಷ್ಯರ ಮೇಲೆ ಬಿತ್ತು.

ಜೊತೆಗೆ ಒಬ್ಬ ಹಿರಿಯ ಬೇಕಿತ್ತು. ಮಂಜವ್ವನ ಸೋದರಮಾವ ಹೊರಡಲು ಹೊಸ ಧೋತರ ಉಟ್ಟು ಬಂದಿದ್ದ. ತಕ್ಕಡಿಯಲ್ಲಿ ಕೂರಿಸಿದರೆ ಎಂಬತ್ತೆರಡು. ಧೋತರ ಸಮೇತ ಅವನನ್ನು ಮನೆಗೆ ಕಳಿಸಿದ್ದಾಯಿತು. ಅವನು ಎರಡು ವರ್ಷ ಮಾತು ಬಿಟ್ಟ. ಇನ್ನಿಬ್ಬರು ಬಂದು ತೂಗಿಸಿಕೊಂಡು ಹೋದರು. ಚನ್ನವೀರಪ್ಪ ಹೆಂಡತಿಯ ಕಡೆ ನೋಡಿ, "ನೀ ಒಂದ ಸಲ ಹತ್ತಿದ್ರ..." ಎಂದು ಶುರು ಮಾಡಿದ. ಸಿದ್ದವ್ವ ತಿರುಗಿ ನೋಡಿದಳು.

"ಬ್ಯಾಡ ಬಿಡು. ಆರತಿ ಹಿಡ್ಯಾಕ ಮನ್ಯಾಗ ಯಾರರ ಬೇಕಲ್ಲ," ಎಂದು ತಾನೇ ಮುಗಿಸಿದ.

ಕೊನೆಗೆ ನನ್ನನ್ನು ಅಂಗಡಿಯಿಂದ ಎಬ್ಬಿಸಿ ಒಯ್ದು ಕೂರಿಸಿದರು. ನಲವತ್ತಮೂರು. ಚನ್ನವೀರಪ್ಪ ನನ್ನನ್ನು ಅಪ್ಪಿಕೊಂಡ. "ಉಳಿವೆಪ್ಪಾ, ನಿನ್ನಂಥಾ ಮನಿಶ್ಯಾ ಈ ತಾಲೂಕಿನ್ಯಾಗಿಲ್ಲ!" ನನ್ನ ಯೋಗ್ಯತೆಯನ್ನು ಯಾರಾದರೂ ತೂಗಿ ನೋಡಿ ಆರಿಸಿದ್ದು ಜೀವನದಲ್ಲಿ ಅದೊಂದೇ ಸಲ.

ಅಮಾವಾಸ್ಯೆಯ ಹಿಂದಿನ ದಿನ, ಬೆಳಕು ಹರಿದಾಗ ಹೊರಟೆವು. ಒಂದು ಮರದ ಪೆಟ್ಟಿಗೆಯ ಮೇಲೆ ನಿಯಾಜ, ಹಿಂದೆ ಬರಿ ತಗಡಿನ ಮೇಲೆ ಖಾಲಿ ಗೋಣಿಚೀಲ ಹಾಸಿಕೊಂಡು ನಾವಿಬ್ಬರು. ಸಿದ್ದವ್ವ ಆರತಿ ತಂದವಳು ನಿಂತುಬಿಟ್ಟಳು.

"ಮೂರು ಮಂದಿ ಹೊಂಟೀರೇನು? ಶುಭಕಾರ್ಯಕ್ಕ ಮೂರು ಮಂದಿ?"

ಚನ್ನವೀರಪ್ಪ ಕಣ್ಣು ಮುಚ್ಚಿದ. ಮೂವರು ಹೊರಟರೆ ಕೆಲಸ ಕೆಡುತ್ತದೆ, ನಾಲ್ಕನೆಯವನಾಗಿ ಒಂದು ಕಲ್ಲನ್ನಾದರೂ ಕರೆದೊಯ್ಯಬೇಕು ಎಂಬುದು ಅವನಿಗೂ ಗೊತ್ತಿತ್ತು. ಅಷ್ಟರಲ್ಲಿ ಸಿದ್ದವ್ವ ಒಳಗಿನಿಂದ ಒಳಕಲ್ಲಿನ ಗುಂಡನ್ನು ಸೊಂಟದ ಮೇಲೆ ಹೊತ್ತು ತಂದಳು. ಒಂಬತ್ತು ಕಿಲೋಕ್ಕೆ ಕಡಿಮೆ ಇಲ್ಲ.

"ಸಣ್ಣ ಕಲ್ಲು ಇಟ್ಟರ ನಡ್ಯಾಕಿಲ್ಲೇನ? ಒಂದು ಅಡಕಿ ಇಟ್ರೂ ಆಕೈತಿ!" ಎಂದು ಚನ್ನವೀರಪ್ಪ ಗೋಗರೆದ.

"ಅಡಕಿ ಆದ್ರ ಹಾದ್ಯಾಗ ನೀವು ಬಾಯಾಗ ಹಾಕ್ಕೊಂತೀರಿ. ಆಮ್ಯಾಲ ಮತ್ತ ಮೂರ ಮಂದಿ."

ಗುಂಡಿಗೆ ವಿಭೂತಿ ಬಳಿದು, ಕುಂಕುಮ ಇಟ್ಟು, ಗಾಳಿಗೆ ಶೀತ ಆಗಬಾರದೆಂದು ಕರವಸ್ತ್ರ ಸುತ್ತಿ, ನಮ್ಮಿಬ್ಬರ ನಡುವೆ ಕೂರಿಸಿದಳು. ತೊಟ್ಟಿಲ ಶಾಸ್ತ್ರದಲ್ಲಿ ಕೂಸಿಗಿಂತ ಮೊದಲು ತೊಟ್ಟಿಲಲ್ಲಿ ಮಲಗುವವನೂ ಇವನೇ. ನಮ್ಮ ಕಡೆ ಅವನಿಗೆ ಗುಂಡಪ್ಪ ಎನ್ನುತ್ತಾರೆ. "ಹುಷಾರ್ ಗುಂಡಪ್ಪ," ಎಂದು ಅವನಿಗೊಬ್ಬನಿಗೇ ಹೇಳಿ ಸಿದ್ದವ್ವ ಆರತಿ ಎತ್ತಿದಳು.

ಮೋಟಾರು ಓಡಿದ ರೀತಿಯನ್ನು ನಾನು ಬರೆದು ತೋರಿಸಲಾರೆ. ಬಾಗಿಲಿಲ್ಲದ್ದರಿಂದ ಎರಡೂ ಕಡೆಯ ಜೋಳದ ಹೊಲ ನಮ್ಮ ತೊಡೆಯ ಮೇಲಿಂದಲೇ ಹಾದುಹೋಗುತ್ತಿತ್ತು. ಇಳಿಜಾರಿನಲ್ಲಿ ಗಾಳಿಗೆ ಗಾಡಿ ಪಕ್ಕಕ್ಕೆ ಸರಿದಂತಾಗುತ್ತಿತ್ತು. ಹೊಲದ ಮಂದಿ ಕುಡಗೋಲು ಕೆಳಗಿಟ್ಟು ನೋಡಿದರು. ನಾನೂ ಚನ್ನವೀರಪ್ಪನೂ ಕೈಗೆ ಸಿಕ್ಕಿದ್ದನ್ನು ಹಿಡಿದುಕೊಂಡು ಕುಲುಕುತ್ತಿದ್ದೆವು. ಗುಂಡಪ್ಪನೊಬ್ಬನೇ ಅಲುಗಾಡದೆ ಕುಳಿತಿದ್ದ.

ಹಾನಗಲ್ಲಿನ ನಾಕಾದಲ್ಲಿ ಹವಾಲ್ದಾರ ಗುದ್ಲೆಪ್ಪ ಕೈ ಅಡ್ಡ ಮಾಡಿದ. ಗಾಡಿಯ ಸುತ್ತ ಎರಡು ಸುತ್ತು ಹಾಕಿದ.

"ಇದು ಗಾಡೀನೋ ಏನೋ?"

"ಗಾಡೀನ ಸಾಹೇಬ್ರ."

"ದೀಪ ಎಲ್ಲಿ?"

"ಹಗಲ ಐತಲ್ರಿ."

"ಬಾಗಿಲಾ?"

"ಕೋಳಿಗೂಡಿನ್ಯಾಗ ಒಂದು ಐತ್ರಿ," ಎಂದುಬಿಟ್ಟೆ ನಾನು. ಚನ್ನವೀರಪ್ಪ ನನ್ನನ್ನು ತಿವಿದ.

"ಎಷ್ಟು ಮಂದಿ ಅದೀರಿ?" ಎಂದು ಗುದ್ಲೆಪ್ಪ ಪುಸ್ತಕ ತೆಗೆದ.

"ನಾಲ್ಕು," ಎಂದ ಚನ್ನವೀರಪ್ಪ. ಅವನು ಸುಳ್ಳು ಹೇಳುವವನಲ್ಲ, ತಕ್ಕಡಿಯ ಮುಂದೆ ಬಿಟ್ಟು.

"ನನಗ ಮೂರ ಮಂದಿ ಕಾಣತೀರಿ."

ಚನ್ನವೀರಪ್ಪ ಮೆಲ್ಲಗೆ ಕರವಸ್ತ್ರ ಸರಿಸಿದ. ವಿಭೂತಿ, ಕುಂಕುಮ, ಬೆಳಗಿನ ಬಿಸಿಲಿಗೆ ಮಿರಿಮಿರಿ ಮಿಂಚುವ ಕರಿ ಮೈ. ಗುದ್ಲೆಪ್ಪನ ಪುಸ್ತಕ ಮುಚ್ಚಿತು. ಅವನು ಬೂಟು ಕಳಚಿದ, ಟೊಪ್ಪಿಗೆ ತೆಗೆದ, ಎರಡೂ ಕೈ ಜೋಡಿಸಿದ.

"ಮೊದಲ ಹೇಳಬಾರದೇನ್ರಿ? ದೇವರು ಒಯ್ಯಾಕತ್ತೀರಿ. ಅದಕ್ಕ ಗಾಡಿ ಬಿಚ್ಚಿ ರಥ ಮಾಡೀರಿ... ಯಾವ ದೇವರ್ರಿ?"

"ಗುಂಡಪ್ಪ," ಎಂದ ಚನ್ನವೀರಪ್ಪ.

ನಾಕಾದ ಪಕ್ಕದ ಅಂಗಡಿಯಿಂದ ತೆಂಗಿನಕಾಯಿ ಬಂತು. ಹವಾಲ್ದಾರ ಕೊಟ್ಟದ್ದನ್ನು ನೋಡಿ ಅಂಗಡಿಯವನು ಒಂದು ಕೊಟ್ಟ. ಸಂತೆಗೆ ಹೊರಟ ಹೆಣ್ಣುಮಕ್ಕಳು ನಿಂತರು. ಕಾಯಿಗಳು ಒಂದರ ಮೇಲೊಂದು ಗಾಡಿಗೆ ಬೀಳತೊಡಗಿದವು. ಚನ್ನವೀರಪ್ಪ ಬೆವರಿದ. "ಐದೂವರಿ ಕಿಲೋ... ಆರು... ಆರೂ ಕಾಲು..." ಎಂದು ನನ್ನ ಕಿವಿಯಲ್ಲಿ ಜಪ ಮಾಡಿದ. ಅದನ್ನು ಮಂತ್ರವೆಂದು ತಿಳಿದ ಒಬ್ಬ ಮುದುಕ ಮತ್ತೊಂದು ಕಾಯಿ ತಂದ.

"ಇಲ್ಲೇ ಒಡದು ಎಲ್ಲಾರಿಗೂ ಹಂಚ್ರಿ! ಈ ದೇವರು ತನ್ನ ಕಡೆ ಏನೂ ಇಟ್ಕೊಳ್ಳೂದಿಲ್ಲ!" ಎಂದು ಚನ್ನವೀರಪ್ಪ ಕೂಗಿದ.

ಇಂಥ ನಿರ್ಮೋಹಿ ದೇವರನ್ನು ಹಾನಗಲ್ಲು ಹಿಂದೆ ಕಂಡಿರಲಿಲ್ಲ. ನಮಗೂ ಒಂದೊಂದು ಹೋಳು ಕೊಡಲು ಬಂದರು. ಚನ್ನವೀರಪ್ಪ ನನ್ನ ಕೈ ಹಿಡಿದ. "ತಿನ್ನಬ್ಯಾಡ ಉಳಿವೆಪ್ಪಾ. ಹೊಟ್ಟ್ಯಾಗ ಇದ್ರೂ ಭಾರ ಭಾರನ."

ಹಿರೇಕೆರೂರು ಮುಟ್ಟಿದಾಗ ನಿಯಾಜ ಟಾಕಿಗೆ ಕಡ್ಡಿ ಇಳಿಸಿ ನೋಡಿ, "ಅರ್ಧಾ ಐತ್ರಿ! ಸರೀ ಅರ್ಧಾ!" ಎಂದು ಕುಣಿದ. ಊರಿಗೆ ಊರೇ ನೋಡಲು ಬಂದಿತ್ತು. ಪರಮೇಶ್ವರಪ್ಪ ತುಪ್ಪದ ಗಿಂಡಿ ಹಿಡಿದಿದ್ದ ಕೈಯನ್ನು ಈಗ ಬಾಯಿಯ ಮೇಲೆ ಇಟ್ಟುಕೊಂಡಿದ್ದ. ಹಿರೇ ಸೊಸೆಯ ತವರಿನ ಬಾಡಿಗೆ ಮೋಟಾರಿನ ಸುದ್ದಿಯನ್ನು ಅವನು ಮುಂದೆಂದೂ ಎತ್ತಲಿಲ್ಲ.

ವೀರವ್ವ ಬಂದಳು. ಸೊಂಟದ ಮೇಲೆ ಕೈಯಿಟ್ಟು ಗಾಡಿಯ ಒಳಗೆ ಬಗ್ಗಿ ನೋಡಿದಳು. ಈ ಕಡೆಯಿಂದ ನೋಡಿದರೆ ಆ ಕಡೆಯ ಮನೆಯ ಗೋಡೆ ಕಾಣುತ್ತಿತ್ತು.

"ಬೀಗರ," ಎಂದಳು, "ಸೊಸಿ ಎಲ್ಲಿ ಕುಂದ್ರಬೇಕ್ರಿ?"

ದೇವರಾಣೆ ಹೇಳುತ್ತೇನೆ, ಹತ್ತು ದಿನ ಆ ಗಾಡಿ ಬಿಚ್ಚಿದ ನಮಗೆ ಯಾರಿಗೂ ಈ ಪ್ರಶ್ನೆ ಹೊಳೆದಿರಲಿಲ್ಲ. ಚನ್ನವೀರಪ್ಪ ನನ್ನನ್ನು ನೋಡಿದ. ನಾನು ನಿಯಾಜನನ್ನು ನೋಡಿದೆ. ನಿಯಾಜ ಗುಂಡಪ್ಪನನ್ನು ನೋಡಿದ.

"ಬರಿ ತಗಡಿನ ಮ್ಯಾಲ ನಾ ಬಸುರಿನ್ನ ಕುಂದ್ರಸೂದಿಲ್ಲ. ಇದಕ್ಕಿಂತ ಚಕ್ಕಡಿ ಪಾಡ. ನಾಳಿ ಅಮಾಸಿ. ಬಾಣಂತನ ಇಲ್ಲೇ ಆಗಲಿ," ಎಂದು ವೀರವ್ವ ತಿರುಗಿದಳು.

ಬಾಗಿಲಲ್ಲಿ ಮಂಜವ್ವ ನಿಂತಿದ್ದಳು. ಗಂಟು ಕಟ್ಟಿ ಸಿದ್ಧವಾಗಿ, ಹಣೆಗೆ ದೊಡ್ಡ ಕುಂಕುಮ ಇಟ್ಟುಕೊಂಡು. ಅವಳು ನಗಲೂ ಇಲ್ಲ, ಅಳಲೂ ಇಲ್ಲ. "ಅಪ್ಪಾ," ಎಂದು ಮೆಲ್ಲಗೆ ಕೇಳಿದಳು, "ನಾ ಅಷ್ಟು ಭಾರ ಆದ್ನೇನು?"

ಚನ್ನವೀರಪ್ಪ ತಲೆಯ ರುಮಾಲು ಬಿಚ್ಚಿ ಮುಖ ಒರೆಸಿಕೊಂಡ. ನಾನು ಅವನಿಗೆ ಮುಖ ತೋರಿಸಲಾರದೆ ಗಾಡಿಯ ಕಡೆ ತಿರುಗಿದೆ. ಬಾಗಿಲು ಹೋದ ಮೇಲೆ ಅಲ್ಲಿ ಈ ಕಡೆ ಒಂದು, ಆ ಕಡೆ ಒಂದು ಕಂಬ ಖಾಲಿ ನಿಂತಿದ್ದವು. ಗೋಣಿಚೀಲ ನೆಲದಲ್ಲಿ ಬಿದ್ದಿತ್ತು. ಹೊಲಿಯುವವನ ಕಣ್ಣಿಗೆ ಎರಡು ಕಂಬದ ನಡುವಿನ ಖಾಲಿ ಜಾಗ ಸುಮ್ಮನೆ ಕಾಣುವುದಿಲ್ಲ.

"ಯಕ್ಕಾ," ಎಂದೆ ವೀರವ್ವನಿಗೆ, "ಒಂದು ದಬ್ಬಣ, ಸುತಳಿ, ಮೂರು ಚೀಲ, ಎರಡು ಮಾರು ಬಾವಿ ಹಗ್ಗ ಕೊಡ್ರಿ."

ಚೀಲವನ್ನು ಎರಡು ಪದರ ಮಾಡಿ, ನಡುವೆ ಕೌದಿ ಇಟ್ಟು, ಅಂಚಿಗೆ ಹಗ್ಗ ಮಡಚಿ ದಬ್ಬಣದಿಂದ ಹೊಲಿದೆ. ನಿಯಾಜ ಕಂಬದಿಂದ ಕಂಬಕ್ಕೆ ಬಿಗಿದ. ಒಂದು ತಾಸಿನಲ್ಲಿ ಮೋಟಾರಿನೊಳಗೆ ಒಂದು ತೊಟ್ಟಿಲು ತೂಗಾಡಿತು. ಗಾಡಿಯನ್ನು ಅಲುಗಾಡಿಸಿದರೆ ಗಾಡಿ ಅಲುಗಿತು, ತೊಟ್ಟಿಲು ತನ್ನ ಪಾಡಿಗೆ ತಾನು ಇತ್ತು.

ವೀರವ್ವ ಸುತ್ತಲೂ ನೋಡಿದಳು. ನೋಡಿ, "ಗುಂಡಪ್ಪನ್ನ ಮೊದಲ ಮಲಗಸ್ರಿ," ಎಂದಳು.

ತೊಟ್ಟಿಲ ಶಾಸ್ತ್ರ ಬಲ್ಲವಳು ಅವಳು. ಗುಂಡಪ್ಪನನ್ನು ಮಲಗಿಸಿ, ಅವನ ನೆತ್ತಿಯ ಮೇಲೆ ಒಂದು ನಿಂಬೆಹಣ್ಣು ಇಟ್ಟಳು. "ಕೆರೀ ತನಕ ಹೋಗಿ ಬರ್ರಿ. ಹಣ್ಣು ಬಿದ್ರ ಸೊಸಿ ಬರೂದಿಲ್ಲ."

ಮಂದಿ ಹಾದಿಯ ಎರಡೂ ಕಡೆ ಸಾಲುಗಟ್ಟಿದರು. ಗಾಡಿ ತಗ್ಗಿನಲ್ಲಿ ಇಳಿಯಿತು, ಕಲ್ಲು ಹತ್ತಿತು, ಚರಂಡಿ ದಾಟಿತು. ನಿಯಾಜನ ತಲೆ ಎರಡು ಸಲ ಮಾಡಿಗೆ ಬಡಿಯಿತು. ಚನ್ನವೀರಪ್ಪ ಹಿಂದೆ ಓಡಿದ. ಓಡುತ್ತ ಅವನು ನಿಂಬೆಹಣ್ಣೊಂದನ್ನೇ ನೋಡುತ್ತಿದ್ದ. ಕೆರೆಯಿಂದ ಗಾಡಿ ತಿರುಗಿ ಬಂದಾಗ ಗುಂಡಪ್ಪ ಹೇಗೆ ಮಲಗಿದ್ದನೋ ಹಾಗೇ ಮಲಗಿದ್ದ. ಹಣ್ಣು ಇಟ್ಟಲ್ಲೇ ಇತ್ತು. ಹಣ್ಣಿನ ಬುಡಕ್ಕೆ ಬೆಲ್ಲದ ಪಾಕ ಹತ್ತಿತ್ತೆಂದೂ, ತವರಿಗೆ ಹೋಗಬೇಕೆಂದವರೇ ಯಾರೋ ಹಚ್ಚಿದ್ದರೆಂದೂ ನಿಯಾಜ ಮುಂದೆ ಹೇಳುತ್ತಿದ್ದ. ನಾನಂತೂ ನೋಡಿಲ್ಲ. ಆ ಹೊತ್ತಿನಲ್ಲಿ ಒಬ್ಬ ಮುದುಕಿ ತನ್ನಷ್ಟಕ್ಕೆ ಕೆನ್ನೆ ಬಡಿದುಕೊಂಡಳು.

"ಉಡಿ ತುಂಬ್ರಿ," ಎಂದಳು ವೀರವ್ವ.

ಅದು ಚನ್ನವೀರಪ್ಪನಿಗೆ ಬಂದ ಕೊನೆಯ ಪೆಟ್ಟು. ಐದು ಸೇರು ಅಕ್ಕಿ, ಐದು ಕಾಯಿ, ಕೊಬ್ಬರಿ ಬಟ್ಟಲು, ಬೆಲ್ಲದ ಅಚ್ಚು, ಬುಟ್ಟಿ ತುಂಬ ಉಂಡಿ. ಬೇಡ ಎನ್ನಲು ಬಾಯಿ ಇಲ್ಲ, ಬಸುರಿಯ ಉಡಿ. ಅವನು ಒಂದೊಂದನ್ನೂ ಕಣ್ಣಲ್ಲೇ ತೂಗಿದ. ಆಮೇಲೆ ಕೋಟು ಬಿಚ್ಚಿ ಬೀಗನ ಕೈಗೆ ಕೊಟ್ಟ. ರುಮಾಲು ಕೊಟ್ಟ. ಚಪ್ಪಲಿ ಅಲ್ಲೇ ಬಿಟ್ಟ, ನನ್ನವನ್ನೂ ಬಿಡಿಸಿದ. ಗುಂಡಪ್ಪನ ಕಡೆ ನೋಡಿ, "ಈಗ ಮಗಳು ಬಂದ್ಲಲ್ಲ, ಮೂರು ಮಂದಿ ಅಲ್ಲ. ಇವನ್ನ ಬಿಟ್ಟು ಹೋದ್ರ ನಡೀತೈತಿ..." ಎಂದ.

"ಜೊತಿಗೆ ಬಂದವನ್ನ ಬೀಗರೂರಾಗ ಬಿಟ್ಟು ಹೋಗತೀರೇನ್ರಿ?" ಎಂದಳು ವೀರವ್ವ. ಗುಂಡಪ್ಪ ಬಂದು ಕುಳಿತ.

ಮಂಜವ್ವ ತೊಟ್ಟಿಲಲ್ಲಿ ಒರಗಿದಳು. ಮೊದಲು ಅಂಜಿ ಹಗ್ಗ ಹಿಡಿದಿದ್ದವಳು ಎರಡು ಮೈಲಿಗೆ ಕೈ ಬಿಟ್ಟಳು, ನಾಲ್ಕು ಮೈಲಿಗೆ ನಿದ್ದೆಹೋದಳು. ಚನ್ನವೀರಪ್ಪ ಬೋಳುತಲೆ ಓರೆ ಬಿಸಿಲಿಗೆ ಕೊಟ್ಟು ಅವಳ ಪಕ್ಕದಲ್ಲಿ ತಗಡಿನ ಮೇಲೆ ಕುಳಿತು ಒಂದು ಕೈಯಿಂದ ಚೀಲದ ಅಂಚು ಹಿಡಿದಿದ್ದ. ಏರು ಬಂದಲ್ಲೆಲ್ಲ ನಾವಿಬ್ಬರೂ ಇಳಿದು ಬರಿಗಾಲಲ್ಲಿ ಪಕ್ಕದಲ್ಲೇ ನಡೆದೆವು. ಹಾನಗಲ್ಲಿನಲ್ಲಿ ಗುದ್ಲೆಪ್ಪ ದೂರದಿಂದಲೇ ನೋಡಿ, "ದೇವರು ತಿರುಗಿ ಹೊಂಟಾನ! ಹಾದಿ ಬಿಡ್ರಿ!" ಎಂದು ಚಕ್ಕಡಿ, ಎಮ್ಮೆ, ಬಸ್ಸು ಎಲ್ಲವನ್ನೂ ಪಕ್ಕಕ್ಕೆ ಸರಿಸಿದ. ನಿಯಾಜ ಬ್ರೇಕಿಗೆ ಕಾಲು ಮುಟ್ಟಿಸದೆ ಊರು ದಾಟಿದ.

ಬಿಸಿಲು ಇಳಿಯುವ ಹೊತ್ತಿಗೆ ಶಿಗ್ಗಾಂವಿಯ ಅಗಸಿ, ಊರ ಹೆಬ್ಬಾಗಿಲು, ಕಂಡಿತು. ಕಂಡದ್ದೇ, ಗಾಡಿ ಎರಡು ಸಲ ಬಿಕ್ಕಿ ನಿಂತಿತು. ಟಾಕಿ ಒಣಗಿತ್ತು. ಮನೆ ಇನ್ನು ಒಂದು ಫರ್ಲಾಂಗು.

"ಗುಂಡಪ್ಪ," ಎಂದ ಚನ್ನವೀರಪ್ಪ ಹಲ್ಲು ಕಡಿದು. "ಒಂಬತ್ತು ಕಿಲೋ. ಇವ ಇರದಿದ್ರ ಬಾಗಿಲಿಗೆ ಮುಟ್ಟತಿದ್ವಿ."

ನಿಯಾಜ ಪೆಟ್ಟಿಗೆಯಿಂದ ಇಳಿದು ಬೀಡಿ ಹಚ್ಚಿದ. ಬಹಳ ಹೊತ್ತು ಯೋಚನೆ ಮಾಡಿದ.

"ಸಾವ್ಕಾರ್ರ, ಒಂದು ಮಾತು. ಒಂದು ಡಬ್ಬಿ ಪೆಟ್ರೋಲ್ ನಿನ್ನೆ ಬಸ್ಸಿಗೆ ಹಾಕಿ ಹಾನಗಲ್ಲಿನ್ಯಾಗ ಯಾರದರ ಅಂಗಡ್ಯಾಗ ಇಡಿಸಿದ್ರ... ಏನೂ ಬಿಚ್ಚೂದು ಬೇಕಾಗಿರಲಿಲ್ಲೇನ್ರಿ?"

ಅಗಸಿಯ ಮೇಲೆ ಒಂದು ಕಾಗೆ ಕೂಗಿತು.

"ಇದನ್ನ ಮೊದಲ ಯಾಕ ಹೇಳಲಿಲ್ಲೋ?" ಎಂದ ಚನ್ನವೀರಪ್ಪ.

"ಈಗ ಹೊಳೀತ್ರಿ. ಅವಾಗ ಎಲ್ಲಾರೂ ಭಾರದ್ದ ಮಾತಾಡಾಕತ್ತಿದ್ದಿರಿ."

ಅಷ್ಟರಲ್ಲಿ ಸುದ್ದಿ ಹರಡಿ ಓಣಿಯ ಹೆಂಗಸರೆಲ್ಲ ಓಡಿಬಂದಿದ್ದರು. ಸಿದ್ದವ್ವ ಎಲ್ಲರಿಗಿಂತ ಮುಂದೆ. ಮಗಳು ತೊಟ್ಟಿಲಲ್ಲಿ ಕಣ್ಣುಜ್ಜಿಕೊಳ್ಳುತ್ತಿದ್ದುದನ್ನು ನೋಡಿ ಅವಳು ಗಂಡನ ಬೋಳುತಲೆ ನೋಡಲಿಲ್ಲ, ಬರಿಗಾಲು ನೋಡಲಿಲ್ಲ. ಸೆರಗು ಸೊಂಟಕ್ಕೆ ಸಿಕ್ಕಿಸಿ ಗಾಡಿಯ ಹಿಂದೆ ಕೈ ಹಚ್ಚಿದಳು. ಮುದಕವ್ವ ಒಂದು ಕೈ ಹಚ್ಚಿದಳು. ಇನ್ನು ನಾಲ್ಕು ಮಂದಿ ಹಚ್ಚುವ ಮೊದಲೇ ಗಾಡಿ ಹೊರಟಿತ್ತು. ಒಂದು ಕಾಲಕ್ಕೆ ಕಿಲ್ಲೆಯಾಗಿದ್ದ ಮೋಟಾರು ಹೆಂಗಸರ ಅಂಗೈ ತಾಗಿ, ಎಂಜಿನ್ನಿನ ಸದ್ದಿಲ್ಲದೆ, ಬಳೆಯ ಸದ್ದಿನಲ್ಲಿ, ಅಗಸಿಯೊಳಗೆ ಹೋಯಿತು. ಸೀಟಿನ ಮೇಲಿದ್ದ ನಾಲ್ಕು ಹಿರಿಯರು ಹತ್ತು ದಿನದಲ್ಲಿ ಮೊದಲ ಸಲ ಎದ್ದು ನಿಂತರು. ಕೋಳಿಗಳು ಕಿಡಕಿಯಿಂದ ಕತ್ತು ಚಾಚಿದವು.

ಮಂಜವ್ವ ಆ ನಡುಮನೆಯ ಕೋಣೆಯಲ್ಲಿ, ಸಿದ್ದವ್ವನ ಕೈಯಲ್ಲೇ ಹಡೆದಳು. ಗಂಡು. ಮೋಟಾರು ಕಟ್ಟೆಯ ಮುಂದೆ ನಿಂತಿತ್ತು. ಬಿಚ್ಚಿದ್ದನ್ನು ತಿರುಗಿ ಕೊಡಲು ಓಣಿಯವರು ಯಾರೂ ಒಪ್ಪಿರಲಿಲ್ಲ. ತೊಟ್ಟಿಲ ದಿನ ನನ್ನ ಗೋಣಿಯ ಜೋಲಿಗೇ ಬಣ್ಣದ ಬಟ್ಟೆ ಹೊಲಿದು ತೊಲೆಗೆ ಕಟ್ಟಿದರು. ಮೊದಲು ಟೊಪ್ಪಿಗೆ ಹಾಕಿಕೊಂಡು ಗುಂಡಪ್ಪ ಮಲಗಿದ. ಅವನ ಹಕ್ಕು ಅದು, ಯಾರೂ ತಕರಾರು ಮಾಡಲಿಲ್ಲ.

ಚನ್ನವೀರಪ್ಪ ಅಂಗಡಿಯಿಂದ ಸಣ್ಣ ತಕ್ಕಡಿ ತಂದಿದ್ದ. ಒಂದು ತಟ್ಟೆಗೆ ಸಿದ್ದವ್ವನ ಹಳೆಯ ಸೀರೆ ಹಾಸಿ ಕೂಸನ್ನು ಇಟ್ಟ. ಇನ್ನೊಂದಕ್ಕೆ ಎರಡು ಕಿಲೋ ಹಾಕಿದ. ಕೂಸಿನ ತಟ್ಟೆ ಏಳಲಿಲ್ಲ. ಮೂರು ಹಾಕಿದ. ಏಳಲಿಲ್ಲ. ಕಾಲು ಕಿಲೋ ಹಾಕಿದ. ಇನ್ನೂ ಕೆಳಗೇ. ಬಂದವರೆಲ್ಲ ತಕ್ಕಡಿಯ ಮುಳ್ಳು ನೋಡುತ್ತಿದ್ದರು. ಚನ್ನವೀರಪ್ಪ ಬಾಯಿ ತೆರೆದು, ಮೂವತ್ತು ವರ್ಷದಲ್ಲಿ ಇಂಥ ಮಾಲು ಕಂಡೇ ಇಲ್ಲವೆಂಬಂತೆ, ಕೂಸಿನ ಮುಖಕ್ಕೆ ಬಾಗಿದ. ಬಾಗಿದವನಿಗೆ ಕೈಯ ಎಚ್ಚರ ಇರಲಿಲ್ಲ.

"ಹೆಬ್ಬಟ್ಟು ತಗೀರಿ!" ಎಂದು ಸಿದ್ದವ್ವ ಚೀರಿದಳು. "ಇದರಾಗಿಂದ ಒಂದು ಗುಂಜಿ ಸೈತ ಕಡಿಮಿ ಮಾಡಿದ್ರ ನೋಡ್ರಿ ಮತ್ತ!"